ಒಡಪು ಕಟ್ಟಿದ ಮೇಲೆ ಹೆಸರು ಹೇಳಲೇಬೇಕು

ನಮಸ್ಕಾರ. ಇವತ್ತಿನ ಮಾತನ್ನು ಮದುವೆ ಮನೆಯ ಬಾಗಿಲಿನಿಂದ ಶುರು ಮಾಡುತ್ತೇನೆ.

ನಮ್ಮ ಕಡೆ ಹೊಸ ಸೊಸೆ ಮನೆಗೆ ಬರುವಾಗ ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರು ಹೇಳಿದರೇ ಒಳಗೆ. ಅದನ್ನೂ ಸುಮ್ನೆ ಹೇಳಿದರೆ ಆಗುವುದಿಲ್ಲ, ಒಡಪು ಕಟ್ಟಿ ಹೇಳಬೇಕು. ಅವಳು "ಊರ ಮುಂದಿನ ಕೆರೆ, ಕೆರೆ ಮುಂದಿನ ಗುಡಿ, ಗುಡಿ ಮುಂದೆ ನಿಂತವರು ನಮ್ಮ..." ಅಂತ ಹೇಳಿ ಒಂದು ಕ್ಷಣ ತಡೆಯುತ್ತಾಳೆ. ಆ ಹೆಸರು ಅಲ್ಲಿ ಯಾರಿಗೂ ಹೊಸದಲ್ಲ, ಲಗ್ನಪತ್ರಿಕೆಯಲ್ಲೇ ಅಚ್ಚಾಗಿದೆ. ಆದರೂ ಅಡುಗೆ ಮನೆಯಲ್ಲಿದ್ದವರು ಸಹ ಕೈಯಲ್ಲಿನ ಕೆಲಸ ಬಿಟ್ಟು ಕಿವಿ ಕೊಡುತ್ತಾರೆ, ಅಲ್ವಾ?

ನಾನು ಹುಬ್ಬಳ್ಳಿ-ಧಾರವಾಡದ ಸಣ್ಣ ಅಂಗಡಿಯವರಿಗೆ, ಮನೆಯಲ್ಲೇ ಅಡುಗೆ ಮಾಡಿ ಮಾರುವವರಿಗೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪೋಸ್ಟ್ ಬರೆದು ಕೊಡುತ್ತೇನೆ. ಎಲ್ಲರೂ ಕೇಳುವುದು ಒಂದೇ ಮಾತು: ಜನ ನಿಂತು ಓದಬೇಕು, ಸೈಕಾಲಜಿಯದ್ದು ಏನಾದರೂ ಟ್ರಿಕ್ ಇದ್ದರೆ ಹೇಳಿ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದವರು ಹೇಳಿದ್ದು ಬೇಕಾದಷ್ಟಿದೆ. ಆದರೆ ಅದನ್ನು ಟ್ರಿಕ್ ಅಂತ ಹಿಡಿದವರು ಕೆಡುತ್ತಾರೆ, ನಾನೂ ಕೆಟ್ಟಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕುತೂಹಲದ ಮಾತು. ಜಾರ್ಜ್ ಲೋವೆನ್‌ಸ್ಟೀನ್ ಅನ್ನುವ ಅಮೆರಿಕದ ವಿದ್ವಾಂಸರು 1994ರಲ್ಲಿ ಒಂದು ವಿಷಯ ಬರೆದರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಂದು ಕಾಣಿಸಿದಾಗ ಕುತೂಹಲ ಹುಟ್ಟುತ್ತದೆ ಅಂತ. ಇದರಲ್ಲಿ ಬಹಳ ಜನ ಮರೆಯುವ ಅರ್ಧ ಭಾಗ ಇದೆ. ಸಂದು ಕಾಣಬೇಕಾದರೆ ಮೊದಲು ಒಂದಿಷ್ಟು ಗೊತ್ತಿರಬೇಕು. "ನೀವು ನಂಬಲ್ಲ! ಕೊನೆ ತನಕ ಓದಿ!" ಅಂತ ಬರೆದರೆ ಓದುವವನ ಕೈಗೆ ಏನೂ ಸಿಗಲಿಲ್ಲ, ಏನು ಬೇಕು ಅಂತಲೂ ಅವನಿಗೆ ಗೊತ್ತಾಗುವುದಿಲ್ಲ. ಒಡಪಿನಲ್ಲಿ ಕೆರೆ ಇದೆ, ಗುಡಿ ಇದೆ, ನಿಂತವರು ಇದ್ದಾರೆ, ಹೆಸರೊಂದೇ ಬಾಕಿ. ಅದಕ್ಕೇ ಕಿವಿ ನಿಲ್ಲುವುದು.

ಇನ್ನೊಂದು, ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಉಳಿಯುತ್ತದೆ ಅನ್ನುವುದು. ಬ್ಲೂಮಾ ಝೈಗಾರ್ನಿಕ್ ಅನ್ನುವ ಹೆಣ್ಣುಮಗಳು ಬರ್ಲಿನ್‌ನಲ್ಲಿ ಪ್ರಯೋಗ ಮಾಡಿ 1927ರಲ್ಲಿ ಪ್ರಕಟಿಸಿದರು. ಜನರಿಗೆ ಸಣ್ಣ ಸಣ್ಣ ಕೆಲಸ ಕೊಟ್ಟು, ಕೆಲವನ್ನು ನಡುವೆಯೇ ನಿಲ್ಲಿಸಿದಾಗ, ಮುಗಿಸಿದ್ದಕ್ಕಿಂತ ನಿಂತು ಹೋದದ್ದೇ ಜಾಸ್ತಿ ನೆನಪಿತ್ತು. ಆಮೇಲೆ ಬೇರೆಯವರು ಮಾಡಿದಾಗ ಪ್ರತಿ ಸಲವೂ ಹಾಗೇ ಬಂದಿಲ್ಲ, ಹಾಗಾಗಿ ಇದನ್ನು ಮಂತ್ರ ಅಂದುಕೊಳ್ಳಬೇಡಿ. ಆದರೆ ಪುರಾಣ ಹೇಳುವವರು ರಾಕ್ಷಸ ಗದೆ ಎತ್ತಿದ ಕೂಡಲೇ ಮಂಗಳಾರತಿ ಮಾಡಿ ಏಳುತ್ತಿದ್ದದ್ದು ಸುಮ್ನೆ ಅಲ್ಲ.

ಈಗ ನಾನು ಕೆಟ್ಟ ಕಥೆ. ಶುರುವಿನ ದಿನಗಳಲ್ಲಿ ಒಂದು ಬಟ್ಟೆ ಅಂಗಡಿಗೆ ಬರೆಯುತ್ತಿದ್ದೆ. ಸಿಗುವುದರ ಖುಷಿಗಿಂತ ಕಳೆದುಕೊಳ್ಳುವುದರ ನೋವು ಜನರಿಗೆ ದೊಡ್ಡದು ಅಂತ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಅನ್ನುವ ಮನಃಶಾಸ್ತ್ರಜ್ಞರು 1979ರಲ್ಲೇ ಹೇಳಿದ್ದನ್ನು ಓದಿದ್ದೆ. ಓದಿದ್ದನ್ನು ಹಾಗೇ ಇಳಿಸಿದೆ. "ಇವತ್ತೇ ಕೊನೆ ದಿನ." ಮರುದಿನವೂ ಅದನ್ನೇ ಹಾಕಿದೆ, ಅದರ ಮರುದಿನವೂ. ವ್ಯಾಪಾರ ಆಯಿತು, ಸುಳ್ಳು ಹೇಳುವುದಿಲ್ಲ. ಮೂರನೇ ದಿನ ನಾನು ಫೋಟೋ ತೆಗೆಯಲು ಅಂಗಡಿಯಲ್ಲೇ ಇದ್ದೆ. ಒಬ್ಬ ಹೆಣ್ಣುಮಗಳು ಬಂದು ಗಲ್ಲೆಯ ಮುಂದೆ ನಿಂತರು. ಕುಂದಗೋಳದಿಂದ ಬಸ್ ಹತ್ತಿ ಬಂದವರು. "ಮೊನ್ನೆ ಕಡೀ ದಿನ ಅಂದಿದ್ರಿ ಅಂತ ಕೂಲಿ ಬಿಟ್ಟು ಬಂದು ಸೀರಿ ಒಯ್ದೇನ್ರಿ. ಇವತ್ತೂ ಅದ ರೇಟ್ ಐತಲ್ರಿ?" ಅಂದರು. ಜಗಳ ಮಾಡಲಿಲ್ಲ. ರಶೀದಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡು ಹೋದರು. ಅವರ ಒಂದು ದಿನದ ಕೂಲಿ ನನ್ನ ಒಂದು ಸಾಲಿಗೆ ಹೋಗಿತ್ತು. ಅವತ್ತಿನಿಂದ ಇಲ್ಲದ ಕೊನೆ ದಿನವನ್ನು ನಾನು ಬರೆದಿಲ್ಲ. ಬರೆಯಲೇಬೇಕು ಅಂದವರ ಕೆಲಸ ಬಿಟ್ಟಿದ್ದೇನೆ.

ಓದುವವರು ನಿಮಗೆ ಕೊಡುವ ಆ ಒಂದು ಕ್ಷಣ ಸಾಲ, ಸ್ವಾಮಿ. ಒಡಪು ಕಟ್ಟಿ, ಎಲ್ಲರನ್ನೂ ಕಾಯಿಸಿ, ಹೆಸರೇ ಹೇಳದೆ ಒಳಗೆ ನಡೆದುಬಿಟ್ಟರೆ ಹೇಗಿರುತ್ತದೆ? ಮುಂದಿನ ಸಲ ಯಾರೂ ಕಿವಿ ಕೊಡುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ಧಾರವಾಡದಲ್ಲಿ ನನಗೆ ಪರಿಚಯದ ಒಬ್ಬ ಅಕ್ಕ ಇದ್ದಾರೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ವರ್ಷಗಟ್ಟಲೆ ಅವರ ವಾಟ್ಸಾಪ್ ಸ್ಟೇಟಸ್ ಒಂದೇ ಇತ್ತು: "ಶುಚಿ ರುಚಿಯಾದ ರೊಟ್ಟಿ ದೊರೆಯುತ್ತದೆ, ಸಂಪರ್ಕಿಸಿ." ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದರಲ್ಲಿ ಅಕ್ಕನೂ ಇಲ್ಲ. ನಾನು ಅವರ ಮನೆಗೆ ಹೋಗಿ ಕೂತು, ನಿನ್ನೆ ರೊಟ್ಟಿ ಯಾರು ಒಯ್ದರು ಅಂತ ಕೇಳಿದೆ. ರಾತ್ರಿ ಹತ್ತಕ್ಕೆ ಒಬ್ಬ ತಾಯಿ ಬಂದಿದ್ದರಂತೆ, ಮಗ ಪುಣೆಯಲ್ಲಿ ಕೆಲಸಕ್ಕೆ ಸೇರುತ್ತಿದ್ದಾನೆ, ಬೆಳಗಿನ ಗಾಡಿಗೆ ಹೊರಡುತ್ತಾನೆ ಅಂತ. ಅಕ್ಕ ಮತ್ತೆ ಒಲೆ ಹಚ್ಚಿ ಐವತ್ತು ರೊಟ್ಟಿ ಬಡಿದರು. ಅಷ್ಟನ್ನೇ ಬರೆದೆವು, ಐದು ಸಾಲು, ಜೊತೆಗೆ ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಗಂಟಿನ ಫೋಟೋ. ಮಕ್ಕಳನ್ನು ಬೆಂಗಳೂರಿಗೆ, ಪುಣೆಗೆ ಕಳಿಸಿದ ಎಷ್ಟೋ ತಾಯಂದಿರು ಅದಕ್ಕೆ ಉತ್ತರ ಬರೆದರು.

ಇದಕ್ಕೂ ಅಧ್ಯಯನ ಇದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಫ್ರಿಕಾದ ಹಸಿವಿನ ಅಂಕಿಸಂಖ್ಯೆ ಓದಿದವರಿಗಿಂತ, ಮಾಲಿ ದೇಶದ ಏಳು ವರ್ಷದ ರೋಕಿಯಾ ಅನ್ನುವ ಒಬ್ಬ ಹುಡುಗಿಯ ಬಗ್ಗೆ ಓದಿದವರು ಜಾಸ್ತಿ ಹಣ ಕೊಟ್ಟರು. ಅವಳ ಕಥೆಯ ಜೊತೆಗೆ ಅಂಕಿಸಂಖ್ಯೆ ಸೇರಿಸಿದಾಗ ಕೊಡುವ ಹಣ ಕಡಿಮೆಯಾಯಿತು. ಸಾವಿರ ಗಿರಾಕಿಗಳ ಲೆಕ್ಕಕ್ಕಿಂತ ರಾತ್ರಿ ಹತ್ತಕ್ಕೆ ಬಂದ ಒಬ್ಬ ತಾಯಿ ದೊಡ್ಡವಳು.

ಸಿಟ್ಟಿನ ಬಗ್ಗೆ ಒಂದು ಮಾತು. ಜೋನಾ ಬರ್ಗರ್, ಕ್ಯಾಥರೀನ್ ಮಿಲ್ಕ್‌ಮನ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖನಗಳಲ್ಲಿ ಜನ ಯಾವುದನ್ನು ಹೆಚ್ಚು ಹಂಚಿಕೊಂಡರು ಅಂತ ನೋಡಿ 2012ರಲ್ಲಿ ಬರೆದರು. ಸಿಟ್ಟು ಬರಿಸಿದ್ದು, ಆತಂಕ ತಂದದ್ದು ಚೆನ್ನಾಗಿ ಹರಡಿತ್ತು. ಬೆರಗು ಹುಟ್ಟಿಸಿದ್ದೂ ಹಾಗೇ ಹರಡಿತ್ತು! ನಮ್ಮವರು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದಾರೆ. ಹುಬ್ಬಳ್ಳಿ ಮೇಲೋ ಧಾರವಾಡ ಮೇಲೋ ಅಂತ ಒಂದು ಪೋಸ್ಟ್ ಬಿಟ್ಟರೆ ಕಮೆಂಟ್ ತುಂಬುತ್ತದೆ, ನಿಜ. ಆದರೆ ಅಲ್ಲಿ ಬೈದಾಡಿದವನು ನಿಮ್ಮ ಹತ್ತಿರ ರೊಟ್ಟಿ ಕೊಳ್ಳಲು ಬರುವುದಿಲ್ಲ. ಸವಣೂರಿನ ದೊಡ್ಡ ಹುಣಸೆ ಮರದ ಬುಡದಲ್ಲಿ ನಾಲ್ಕು ಜನ ಕೈ ಕೈ ಹಿಡಿದು ನಿಂತು ಫೋಟೋ ತೆಗೆಸಿಕೊಳ್ಳಿ, ಅದು ನಮ್ಮ ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್ ಅಂತ ಬರೆಯಿರಿ. ಹಾವೇರಿ ಜಿಲ್ಲೆಗೆ ಆಫ್ರಿಕಾದ ಮರ ಹೇಗೆ ಬಂತು ಅಂತ ಕೇಳದವರು ಯಾರು?

ಕಳೆದ ವಾರ ಅಕ್ಕ ನನ್ನನ್ನು ಕೇಳದೆ ತಾವೇ ಒಂದು ಸ್ಟೇಟಸ್ ಹಾಕಿದ್ದರು. ಹಾಗೇ ಓದುತ್ತೇನೆ: "ಇವತ್ತ ರೊಟ್ಟಿ ಇಲ್ರಿ. ಈ ಸಲದ ಹಿಟ್ಟಿಗೆ ಜಿಗಿ ಇಲ್ಲ, ಬಡದ್ರ ಹರೀತಾವು. ಹಂಗ ಕೊಡಾಕ ಮನಸ್ಸ ಬರ್ಲಿಲ್ಲ. ನಾಳೆ ಬ್ಯಾರೆ ಜ್ವಾಳ ಬೀಸಿಸ್ಕೊಂಡ ಬರ್ತೇನಿ, ಹನ್ನೊಂದರ ಮ್ಯಾಲೆ ಬರ್ರಿ."

ಮರುದಿನ ಹನ್ನೊಂದಕ್ಕೆ ನಾನೂ ಹೋಗಿದ್ದೆ. ನನಗಿಂತ ಮೊದಲು ಆರು ಜನ ನಿಂತಿದ್ದರು.