ಕತ್ತರಿ ಆಮೇಲೆ, ಮೊದ್ಲು ಬಿಚ್ಚಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳಿಸ್ತಿದ್ಯಾ? ಸರಿ.

ನನ್ ಕೈಲಿರೋದು ಒಂದು ಗಂಡಸ್ರ ಶರ್ಟು, ಸೆಕೆಂಡ್ ಹ್ಯಾಂಡು, ಯಾರೋ ಹಾಕೀ ಹಾಕೀ ಬಿಟ್ಟಿದ್ದು. ಕಾಲರ್ ಮಡಿಕೆ ಸವೆದು ನೂಲು ಎದ್ದಿದೆ, ಬಲಗಡೆ ಮೊಣಕೈ ತೆಳ್ಳಗಾಗಿದೆ, ಮಿಕ್ಕಿದ್ದೆಲ್ಲಾ ಗಟ್ಟಿ. ಇದರಲ್ಲಿ ಏನ್ ಮಾಡ್ಬಹುದು ಅಂತ ಯಾರನ್ನ ಕೇಳಿದ್ರೂ ತಕ್ಷಣ ಹೇಳೋಕೆ ಶುರು ಮಾಡ್ತಾರೆ, ಸ್ಕರ್ಟ್ ಮಾಡಿ, ಮಗೂಗೆ ಫ್ರಾಕ್ ಮಾಡಿ, ತೋಳಿಲ್ದೆ ಟಾಪ್ ಮಾಡಿ ಅಂತ. ನಾನ್ ಇವತ್ತು ಹೇಳೋಕೆ ಬಂದಿರೋದು ಒಂದೇ ಮಾತು, ಏನ್ ಮಾಡ್ಬೇಕು ಅಂತ ಈಗ್ಲೇ ತಲೆ ಕೆಡಿಸ್ಕೋಬೇಡಿ, ಕತ್ತರಿ ಕೆಳಗಿಡಿ, ಮೊದ್ಲು ಹೊಲಿಗೆ ಬಿಚ್ಚಿ. ಒಂದು ಬಟ್ಟೇಲಿ ಏನಾಗತ್ತೆ ಏನಾಗಲ್ಲ ಅನ್ನೋದು ಬಿಚ್ಚುವಾಗ್ಲೇ ಗೊತ್ತಾಗೋದು, ಹೊಲಿಯುವಾಗ ಅಲ್ಲ.

ಬಿಚ್ಚೋದು ಬೋರ್ ಕೆಲಸ ಅಂತ ಎಲ್ರೂ ಸೀದಾ ಹೊಲಿಗೆ ಪಕ್ಕದಲ್ಲಿ ಕತ್ತರಿ ಆಡಿಸಿಬಿಡ್ತಾರೆ. ಅಲ್ಲೇ ಅರ್ಧ ಇಂಚು ಹೋಯ್ತು, ಎರಡೂ ಕಡೆ ಸೇರಿ ಒಂದಿಂಚು. ಹಳೇ ಬಟ್ಟೇಲಿ ಒಂದಿಂಚು ಅಂದ್ರೆ ಆಸ್ತಿ ಕಣ್ರೀ, ಅಂಗಡಿಗೆ ಹೋಗಿ ಅದೇ ಬಟ್ಟೆ ಇನ್ನೊಂದ್ ಅರ್ಧ ಮೀಟರ್ ಕೊಡಿ ಅಂತ ಕೇಳೋಕಾಗಲ್ಲ. ಮಾಮೂಲಿ ಮಷಿನ್ ಹೊಲಿಗೇಲಿ ಎರಡು ದಾರ ಇರತ್ತೆ, ಮೇಲಿಂದು ಒಂದು, ಕೆಳಗಿನ ಬಾಬಿನ್ ದಾರ ಒಂದು. ಹೊಲಿಗೆ ಬಿಚ್ಚೋಕೆ ಅಂತಲೇ ಇರೋ ಪುಟ್ಟ ರಿಪ್ಪರ್ ತಗೊಂಡು ಒಂದು ಕಡೆ ನಾಲ್ಕೈದು ಹೊಲಿಗೆಗೆ ಒಂದರಂತೆ ಕಟ್ ಮಾಡ್ತಾ ಹೋಗಿ, ಆಮೇಲೆ ತಿರುಗಿಸಿ ಇನ್ನೊಂದು ಕಡೆ ದಾರ ಎಳೆದ್ರೆ ಸರ್ರಂತ ಬರತ್ತೆ. ಓವರ್‌ಲಾಕ್, ಅಂದ್ರೆ ಅಂಚಿನ ಎಳೆ ಬಿಡದ ಹಾಗೆ ಸುತ್ತಿ ಹಾಕಿರೋ ಹೊಲಿಗೆ ಆದ್ರೆ, ಸೂಜಿ ದಾರ ಯಾವುದು ಅಂತ ಹುಡುಕಿ ಅದನ್ನ ಎಳೀಬೇಕು, ಅದು ಬಂದ್ರೆ ಉಳಿದ ಕುಣಿಕೆಗಳೆಲ್ಲ ತಾವಾಗೇ ಬಿದ್ದುಹೋಗತ್ವೆ. ಶರ್ಟಿನ ಪಕ್ಕದ ಹೊಲಿಗೆ ಮಾತ್ರ ಸತಾಯಿಸತ್ತೆ, ಅಲ್ಲಿ ಬಟ್ಟೆ ಒಂದರೊಳಗೊಂದು ಮಡಚಿ ಎರಡು ಸಾಲು ಹೊಡೆದಿರ್ತಾರೆ. ಹಾಡು ಹಾಕ್ಕೊಂಡು ಕೂತ್ಕೊಳ್ಳಿ, ಬೇರೆ ದಾರಿ ಇಲ್ಲ.

ಹೀಗೆ ಬಿಚ್ಚಿದ್ಮೇಲೆ ನಿಮ್ ಮುಂದೆ ಏನಿರತ್ತೆ? ಮುಂಭಾಗ ಎರಡು, ಬೆನ್ನು ಒಂದು, ತೋಳು ಎರಡು, ಭುಜದ ಮೇಲಿನ ಯೋಕ್ ಎರಡು ಪದರ, ಕಫ್‌ಗಳು, ಕಾಲರ್, ಕಾಲರ್ ಪಟ್ಟಿ, ಜೇಬು. ಈಗ ಒಂದೊಂದನ್ನೂ ಕಿಟಕಿ ಬೆಳಕಿಗೆ ಹಿಡೀರಿ. ಸವೆದ ಜಾಗ ಜರಡಿ ಥರ ಬೆಳಕು ಬಿಡತ್ತೆ. ಎರಡು ಹೆಬ್ಬೆರಳಲ್ಲಿ ಒತ್ತಿ ಎಳೀರಿ, ಪರ್ ಅಂದ್ರೆ ಆ ಜಾಗ ಸತ್ತಿದೆ ಅಂತ, ಚಾಕ್‌ನಲ್ಲಿ ಸುತ್ತ ಗೆರೆ ಹಾಕಿ ಬಿಟ್ಬಿಡಿ. ಕಂಕುಳು, ಮೊಣಕೈ, ಕೂರೋ ಜಾಗ, ತೊಡೆ ಸಂದು, ಹೆಚ್ಚೂಕಮ್ಮಿ ಎಲ್ಲಾ ಬಟ್ಟೇನೂ ಸಾಯೋದು ಇಲ್ಲೇ.

ಜೇಬು ಬಿಚ್ಚಿದ್ರೆ ಇನ್ನೊಂದು ತಮಾಷೆ. ನೀಲಿ ಶರ್ಟ್ ಅನ್ಕೊಂಡಿರ್ತೀರ, ಜೇಬಿನ ಕೆಳಗಡೆ ಒಂದು ಚೌಕ ನಿಜವಾದ ನೀಲಿ ಕಾಣತ್ತೆ, ಆಗ ಗೊತ್ತಾಗೋದು ಉಳಿದ ಶರ್ಟೆಲ್ಲ ಎಷ್ಟು ಮಾಸಿದೆ ಅಂತ. ಆ ಚೌಕ ಎಷ್ಟ್ ತೊಳೆದ್ರೂ ಹೋಗಲ್ಲ. ಅದನ್ನ ಮುಚ್ಚೋಕೆ ಒದ್ದಾಡೋರನ್ನ ನೋಡಿದೀನಿ, ನಂಗೇನೋ ಅದು ಬಟ್ಟೆ ಮೇಲಿರೋ ಚೆಂದದ ಗುರುತು ಅನ್ಸತ್ತೆ, ಹೊಸ ಜೇಬು ಬೇರೆ ಕಡೆ ಇಟ್ಟು ಇದನ್ನ ಹಾಗೇ ಬಿಡ್ತೀನಿ.

ಆಮೇಲೆ ಹಾಸು ಹೊಕ್ಕು. ಹಾಸು ಅಂದ್ರೆ ಉದ್ದದ ಎಳೆ, ಹೊಕ್ಕು ಅಂದ್ರೆ ಅಡ್ಡ ಎಳೆ. ಉದ್ದಕ್ಕೆ ಎಳೆದ್ರೆ ಬಟ್ಟೆ ಜಗ್ಗಲ್ಲ, ಅಡ್ಡಕ್ಕೆ ಸ್ವಲ್ಪ ಕೊಡತ್ತೆ, ಮೂಲೆಯಿಂದ ಮೂಲೆಗೆ ಕ್ರಾಸ್ ಹಿಡಿದ್ರೆ ರಬ್ಬರ್ ಥರ. ಬಟ್ಟೆ ಸಾಲ್ತಿಲ್ಲ ಅಂತ ಒಂದು ತುಂಡನ್ನ ಉದ್ದಕ್ಕೆ, ಪಕ್ಕದ್ದನ್ನ ಅಡ್ಡಕ್ಕೆ ಇಟ್ಟು ಹೊಲಿದ್ರೆ ಹಾಕ್ಕೊಂಡಾಗ ಒಂದು ನೇರ ನಿಲ್ಲತ್ತೆ, ಇನ್ನೊಂದು ಜೋತು ಬೀಳತ್ತೆ, ಮೂರ್ನಾಲ್ಕು ಒಗೆತ ಆದ್ಮೇಲಂತೂ ಕೇಳ್ಬೇಡಿ. ಪಟ್ಟೆ ಶರ್ಟ್ ಸಿಕ್ಕಿದ್ರೆ ಯೋಕ್ ನೋಡಿ, ಎಷ್ಟೋ ಶರ್ಟಲ್ಲಿ ಮೈಮೇಲೆ ಪಟ್ಟೆ ಉದ್ದಕ್ಕಿದ್ರೆ ಯೋಕ್ ಮೇಲೆ ಅಡ್ಡಕ್ಕಿರತ್ತೆ. ಅಂದ್ಕಾಲದಿಂದ ಟೈಲರ್‌ಗಳು ಬೇಕಂತಲೇ ಹಾಗೆ ಕಟ್ ಮಾಡ್ತಾರೆ, ಭುಜದಗಲಕ್ಕೆ ಜಗ್ಗದ ಎಳೆ ಬರ್ಲಿ ಅಂತ.

ಈಗ ಈ ಶರ್ಟಿಗೆ ಬರೋಣ. ಕಾಲರ್ ಒಂದೇ ಹಾಳಾಗಿದ್ರೆ ಇದನ್ನ ಫ್ರಾಕೂ ಮಾಡ್ಬೇಕಿಲ್ಲ ಸ್ಕರ್ಟೂ ಮಾಡ್ಬೇಕಿಲ್ಲ. ಕಾಲರ್ ಪಟ್ಟಿಯೊಳಗೆ ಕಾಲರ್ ಸಿಕ್ಕಿಸಿರೋ ಹೊಲಿಗೆ ಮಾತ್ರ ಬಿಚ್ಚಿ, ಕಾಲರನ್ನ ಮಗುಚಿ, ಸವೆದ ಕಡೆ ಕೆಳಗೆ ಹೋಗೋ ಹಾಗೆ ಮತ್ತೆ ಸಿಕ್ಕಿಸಿ ಹೊಲಿದ್ರೆ ಇನ್ನೆರಡ್ಮೂರು ವರ್ಷ ಆರಾಮಾಗಿ ಬರತ್ತೆ. ಒಂದೇ ಎಚ್ಚರ, ಬಿಚ್ಚೋ ಮೊದ್ಲು ನಡುವೆ ಒಂದು ಪಿನ್ ಚುಚ್ಚಿ ಗುರುತು ಮಾಡ್ಕೊಳ್ಳಿ, ಇಲ್ಲಾಂದ್ರೆ ಒಂದು ಕಡೆ ಮೂಲೆ ಮುಂದೆ ಬರತ್ತೆ, ಆಮೇಲೆ ಕನ್ನಡಿ ಮುಂದೆ ನಿಂತಾಗೆಲ್ಲ ಕಣ್ಣು ಅಲ್ಲಿಗೇ ಹೋಗತ್ತೆ.

ಮೊಣಕೈನೂ ಹೋಗಿದ್ಯಲ್ಲ, ಅದಕ್ಕೆ? ತೋಳು ಗಿಡ್ಡ ಮಾಡಿ. ಇಲ್ಲ, ಮಗೂಗೆ ಫ್ರಾಕೇ ಬೇಕು ಅಂದ್ರೆ ಗುಂಡಿ ಪಟ್ಟೀನ ಮಾತ್ರ ಬಿಚ್ಚೋಕೆ ಹೋಗ್ಬೇಡಿ. ಹೊಲಿಗೇಲಿ ಜಾಸ್ತಿ ಕಿರಿಕಿರಿ ಕೊಡೋದು ಕಾಜಾ, ಅದು ಇಲ್ಲಿ ರೆಡಿ ಇದೆ. ಗುಂಡಿಯೆಲ್ಲಾ ಹಾಕಿ ಮುಂಭಾಗವನ್ನ ಒಂದೇ ತುಂಡು ಅಂತ ತಿಳ್ಕೊಂಡು ಅದರ ಮೇಲೆ ಫ್ರಾಕಿನ ಬೆನ್ನಿನ ಪ್ಯಾಟರ್ನ್ ಇಡಿ, ಶರ್ಟಿನ ಬೆನ್ನು ಫ್ರಾಕಿನ ಮುಂದೆ ಬರತ್ತೆ. ಶರ್ಟಿನ ಕೆಳಗಿನ ಮಡಿಕೆ ಕೂಡ ಹಾಗೇ ಉಳಿಸ್ಕೊಂಡ್ರೆ ಅಂಚು ಹೊಲಿಯೋ ಕೆಲಸಾನೂ ಉಳೀತು.

ದೊಡ್ಡದನ್ನ ಚಿಕ್ಕದು ಮಾಡೋದು ಸುಲಭ ಅಂತ ಎಲ್ರಿಗೂ ಗೊತ್ತು. ಎರಡನೇ ಮಹಾಯುದ್ಧದಾಗ ಬ್ರಿಟನ್‌ನಲ್ಲಿ 1941ರ ಜೂನ್‌ನಲ್ಲಿ ಬಟ್ಟೆಗೆ ರೇಷನ್ ಬಂತು, ಮೊದಲ್ನೇ ವರ್ಷ ಒಬ್ಬರಿಗೆ 66 ಕೂಪನ್ನು, ಒಂದು ಗಂಡಸ್ರ ಸೂಟಿಗೇ 26 ಹೋಗ್ತಿತ್ತು. ಯುದ್ಧ ಮುಗಿದ್ಮೇಲೂ ಬಿಡ್ಲಿಲ್ಲ, 1949ರವರೆಗೂ ನಡೀತು. ಆಗ ಗಂಡಂದಿರು ಸೈನ್ಯಕ್ಕೆ ಹೋಗಿದ್ರೆ ಬೀರೂಲಿದ್ದ ಅವರ ಸೂಟನ್ನೇ ಬಿಚ್ಚಿ ಹೆಂಗಸ್ರು ತಮಗೆ ಕೋಟು ಸ್ಕರ್ಟು ಹೊಲ್ಕೊಂಡ್ರು. ಗಂಡ ವಾಪಸ್ ಬಂದು ನನ್ ಸೂಟ್ ಎಲ್ಲಿ ಅಂತ ಕೇಳಿದಾಗ ಏನಂದ್ರೋ, ಅದು ಬೇರೆ ವಿಷಯ.

ಚಿಕ್ಕದನ್ನ ದೊಡ್ಡದು ಮಾಡ್ಬೇಕಂದ್ರೆ ಪಕ್ಕಕ್ಕೆ ಪಟ್ಟಿ ಕೊಡ್ಬೇಕು. ಅಲ್ಲಿ ಎಲ್ರೂ ಎಡವೋದು ಬಣ್ಣದಲ್ಲಿ, ಅದೇ ಬಣ್ಣ ಹುಡುಕ್ತಾರೆ, ಹತ್ರ ಹತ್ರದ್ದು ಸಿಗತ್ತೆ, ಹಾಕಿದ್ಮೇಲೆ ತೇಪೆ ಅಂತ ದೂರದಿಂದ್ಲೇ ಗೊತ್ತಾಗತ್ತೆ. ಪೂರ್ತಿ ಬೇರೆ ಬಣ್ಣ ಹಾಕಿ, ಆಗ ಬೇಕಂತ ಮಾಡಿದ್ದು ಅನ್ನಿಸತ್ತೆ. ಹೊಸ ಬಟ್ಟೆ ಪಟ್ಟಿ ಆದ್ರೆ ಮೊದ್ಲು ಒಗೀರಿ, ಹಳೇದು ಕುಗ್ಗಿ ಮುಗಿದಿರತ್ತೆ, ಹೊಸದು ಇನ್ನೂ ಕುಗ್ಗಬೇಕು, ಆಮೇಲೆ ಎಳೆದಾಡತ್ತೆ.

ಬಣ್ಣ ಅಂದ ತಕ್ಷಣ ನನ್ ಕಥೆ ಒಂದು. ಒಂದು ಬಿಳಿ ಕಾಟನ್ ಶರ್ಟನ್ನ ಕಪ್ಪು ಮಾಡ್ತೀನಿ ಅಂತ ಬಕೆಟ್ ತುಂಬಾ ಬಣ್ಣ ಕಲಸಿ ಇಡೀ ಭಾನುವಾರ ಕೋಲು ಹಿಡ್ಕೊಂಡು ತಿರುವಿದೆ. ಬಟ್ಟೆ ಬಣ್ಣ ಚೆನ್ನಾಗೇ ಹಿಡೀತು, ದಾರ ಹಿಡೀಲಿಲ್ಲ! ಬಟ್ಟೆ ಕಾಟನ್ನು, ಹೊಲಿದಿರೋ ದಾರ ಪಾಲಿಯೆಸ್ಟರು, ಕಾಟನ್‌ಗೆ ಹಾಕೋ ಬಣ್ಣ ಪಾಲಿಯೆಸ್ಟರ್‌ಗೆ ಹತ್ತಲ್ಲ. ಕಪ್ಪು ಶರ್ಟ್ ಮೇಲೆ ಪ್ರತಿಯೊಂದು ಹೊಲಿಗೇನೂ ಬೆಳ್ಳಗೆ ಎದ್ದು ಕಾಣ್ತಿತ್ತು. ಆಫೀಸಲ್ಲಿ ಒಬ್ರು ಡಿಸೈನ್ ಚೆನ್ನಾಗಿದೆ ಅಂದ್ರು, ನಾನೂ ಹೂಂ ಅಂದೆ. ಆಮೇಲಿಂದ ಲೇಬಲ್ ಇಲ್ದಿರೋ ಬಟ್ಟೆ ಸಿಕ್ರೆ ಒಳಗಿನ ಮಡಿಕೆಯಿಂದ ನಾಲ್ಕು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಸುಟ್ಟು ನೋಡ್ತೀನಿ. ಕಾಗದ ಸುಟ್ಟ ವಾಸನೆ, ಬೂದಿ ಆದ್ರೆ ಕಾಟನ್, ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆ ಅಥವಾ ರೇಷ್ಮೆ, ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್ ಥರದ್ದು. ಸಿಂಕ್ ಪಕ್ಕದಲ್ಲಿ ಮಾಡಿ.

ಇಷ್ಟೆಲ್ಲ ಯಾಕೆ, ರೀಸೈಕ್ಲಿಂಗ್‌ಗೆ ಕೊಟ್ರಾಯ್ತಲ್ಲ ಅಂತ ಕೇಳೋರಿದಾರೆ. ಹಳೇ ಉಣ್ಣೆ ಬಟ್ಟೆ ಹರಿದು ಮತ್ತೆ ನೂಲು ಮಾಡೋದು ಹೊಸದೇನಲ್ಲ, ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಹತ್ತೊಂಬತ್ತನೇ ಶತಮಾನದಲ್ಲೇ ಅದರ ದೊಡ್ಡ ದಂಧೆ ಇತ್ತು, ಆ ಮಾಲಿಗೆ ಶಾಡಿ ಅಂತ ಹೆಸರು. ಕಳಪೆಗೆ ಇವತ್ತಿಗೂ ಇಂಗ್ಲಿಷಲ್ಲಿ ಶಾಡಿ ಅಂತಾರಲ್ಲ, ಅದೇ ಪದ. ಮಷಿನ್ ಹರಿಯುವಾಗ ಎಳೆ ತುಂಡಾಗತ್ತೆ, ಗಿಡ್ಡ ಎಳೆಯಿಂದ ಗಟ್ಟಿ ನೂಲು ಬರಲ್ಲ, ಅದಕ್ಕೇ ಹೊಸ ಎಳೆ ಬೆರೆಸ್ತಾರೆ. ನಾವು ಬಿಚ್ಚಿ ಹೊಲಿಯುವಾಗ ನೇಯ್ಗೆ ಮುಟ್ಟೋದೇ ಇಲ್ಲ. ನೂತು, ನೇಯ್ದು, ಬಣ್ಣ ಹಾಕಿದ ಅಷ್ಟೂ ಕೆಲಸ ಹಾಗೇ ಕೈಗೆ ಸಿಗತ್ತೆ.

ಜೀನ್ಸ್ ಹೊಲಿಯೋದು ಹೇಗೆ ಅಂತ ನಿಮ್ಮಲ್ಲೊಬ್ರಿಂದ ಚೀಟಿ ಬಂದಿದೆ. 100/16 ನಂಬರಿನ ದಪ್ಪ ಸೂಜಿ ಹಾಕಿ, ದಪ್ಪ ಹೊಲಿಗೆ ದಾಟುವಾಗ ಬಟ್ಟೆ ಒತ್ತಿ ಹಿಡಿಯೋ ಪ್ರೆಸರ್ ಫೂಟ್ ಹಿಂದೆ ಅಷ್ಟೇ ದಪ್ಪದ ಬಟ್ಟೆ ಮಡಚಿ ಇಡಿ, ಫೂಟ್ ಸಮ ನಿಲ್ಲತ್ತೆ, ಸೂಜಿ ಮುರಿಯಲ್ಲ. ಟೀಶರ್ಟಿಗೆ ತುದಿ ಗುಂಡಗಿರೋ ಬಾಲ್ ಪಾಯಿಂಟ್ ಸೂಜಿ, ಇಲ್ಲಾಂದ್ರೆ ಹೊಲಿಗೆ ಬಿಟ್ಬಿಟ್ಟು ಹೋಗತ್ತೆ.

ಈಗ ಈ ಕಾಲರ್ ಬಿಚ್ಚಿ ತೋರಿಸ್ತೀನಿ, ಕುರ್ಚಿ ಸ್ವಲ್ಪ ಮುಂದೆ ತನ್ನಿ. ರಿಪ್ಪರ್ ತುದೀಲಿ ಒಂದು ಕಡೆ ಚೂಪು, ಇನ್ನೊಂದು ಕಡೆ ಸಣ್ಣ ಗುಂಡು ಇದೆ ನೋಡಿ, ಎರಡು ಪದರದ ನಡುವೆ ತಳ್ಳುವಾಗ ಆ ಗುಂಡು ಬಟ್ಟೆ ಕಡೆ ಇರ್ಬೇಕು. ಹಾಂ, ಪಿನ್ ಯಾರ ಹತ್ರ ಇದೆ? ನಡು ಗುರುತು ಮಾಡೋದೇ ಮರ್ತೆ.