ಏಪ್ರಿಲ್‌ನಲ್ಲಿ ಶಾಲು ಹೊದ್ದ ಅಜ್ಜಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಅರ್ಧ ಜನ ಬೆಳಗ್ಗೆ ನಮ್ಮ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಸಿಗುವವರೇ. ಅಲ್ಲಿ ನನ್ನನ್ನು ನಿಲ್ಲಿಸಿ ಕೇಳುವುದೂ ಒಂದೇ ಮಾತು: "ಡಾಕ್ಟ್ರೇ, ಹೆಸರೇ ನೆನಪಾಗಲ್ಲ, ಅರಳು ಮರಳು ಶುರುವಾಯ್ತಾ?" ಆ ಗಾದೆ ಕಂಡರೆ ನನಗಾಗದು. ಅರವತ್ತಕ್ಕೆ ಅರಳು ಮರಳು ಅಂದವನು ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಮಂಡಕ್ಕಿ ಭಟ್ಟಿಯ ಒಬ್ಬ ಅಜ್ಜಿ ಇದ್ದರು. ಯಾವ ಅಂಗಡಿಗೆ ಎಷ್ಟು ಚೀಲ ಹೋಯಿತು, ಯಾರಿಂದ ಎಷ್ಟು ಬರಬೇಕು, ಎಲ್ಲಾ ತಲೆಯಲ್ಲೇ. ಎಪ್ಪತ್ತು ದಾಟಿದ ಮೇಲೆ ಲೆಕ್ಕ ತಪ್ಪತೊಡಗಿತು. ಮಗ ಕರೆತಂದ. ನಾನೂ "ವಯಸ್ಸಾಯ್ತಲ್ಲಮ್ಮ" ಅಂತ ವಿಟಮಿನ್ ಗುಳಿಗೆ ಬರೆದು ಕಳಿಸಿದೆ. ಹೌದು, ನಾನೇ! ಎರಡನೇ ಸಲ ಬಂದಾಗ ಏಪ್ರಿಲ್. ನಮ್ಮೂರ ಏಪ್ರಿಲ್ ಗೊತ್ತಲ್ಲ, ಫ್ಯಾನ್ ಹಾಕಿದರೂ ಬಿಸಿಗಾಳಿ. ಅಜ್ಜಿ ಉಣ್ಣೆ ಶಾಲು ಹೊದ್ದು ಕೂತಿದ್ದರು. "ಅದನ್ನ ಆರ್ಸಪ್ಪಾ, ಚಳಿ" ಅಂದರು. ದನಿ ಬೇರೆ ಗೊಗ್ಗರಾಗಿತ್ತು. ಆಗ ನನಗೆ ಬುದ್ಧಿ ಬಂತು. ಥೈರಾಯ್ಡ್ ನೋಡಿಸಿದರೆ, ನಾಲ್ಕೈದರ ಒಳಗೆ ಇರಬೇಕಾದ ಟಿಎಸ್‌ಎಚ್ 80 ದಾಟಿತ್ತು. ಟಿಎಸ್‌ಎಚ್ ಅಂದರೆ ಇಷ್ಟೇ: ಗಂಟಲಿನ ಗ್ರಂಥಿ ಸೋಮಾರಿಯಾದಾಗ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ "ಏಳೋ, ಕೆಲಸ ಮಾಡೋ" ಅಂತ ಕೂಗುವ ಕೂಗು.

ಥೈರಾಯ್ಡ್ ಹಾರ್ಮೋನಿನ ಗುಳಿಗೆಯನ್ನು ಹೃದಯಕ್ಕೆ ಹೊರೆಯಾಗದಂತೆ ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನ ಏರಿಸಿದೆವು. ನಾಲ್ಕು ತಿಂಗಳ ನಂತರ ಬಂದವರೇ, "ಹೋದ ಸಲ ಇಪ್ಪತ್ತು ರೂಪಾಯಿ ಚಿಲ್ರೆ ಬಾಕಿ ಇಟ್ಕೊಂಡಿದ್ರಿ" ಅಂದರು. ಕೊಟ್ಟೆ.

ಎಲ್ಲರ ಮರೆವೂ ಹೀಗೆ ವಾಪಸಾಗುವುದಿಲ್ಲ. ಮಿದುಳೇ ಸವೆಯುವ ಆಲ್ಝೈಮರ್ ಕಾಯಿಲೆ ಬೇರೆ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿ ತುಸು ಏರುವುದೂ ಉಂಟು, ಅದಕ್ಕೆಲ್ಲ ಗುಳಿಗೆ ಬೇಡ. ಜಾಸ್ತಿ ನುಂಗಿದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆದರೆ ಪರೀಕ್ಷೆ ಮಾಡಿಸದೆ ಗಾದೆ ಹೇಳಬೇಡಿ.

ಇನ್ನು ಹಾರ್ಮೋನೇ ನೆನಪಿನ ಟಾನಿಕ್ ಅನ್ನುವವರು. ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲ 2003ರಲ್ಲಿ ಬಂತು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಹೆಣ್ಣು ಹಾರ್ಮೋನು ಕೂಡಿಸಿ ಕೊಟ್ಟ ಗುಂಪಿನಲ್ಲಿ 40 ಜನಕ್ಕೆ ಡಿಮೆನ್ಷಿಯಾ, ಅಂದರೆ ನೆನಪು, ಬುದ್ಧಿ ಕುಂದುವ ಕಾಯಿಲೆ, ಹುಸಿಗುಳಿಗೆ ನುಂಗಿದ ಗುಂಪಿನಲ್ಲಿ 21 ಜನಕ್ಕೆ. ಕಾಯಬೇಕಾದ್ದೇ ಕಾಡಿತು, ಅಲ್ವಾ? ಗಂಡಸರು ನಗಬೇಡಿ. 2017ರಲ್ಲಿ ನಿಮ್ಮ ಸರದಿಯೂ ಬಂತು. ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಕಡಿಮೆಯಿದ್ದು ಮರೆವೂ ಇದ್ದ 493 ಹಿರಿಯರಿಗೆ ಒಂದು ವರ್ಷ ಟೆಸ್ಟೋಸ್ಟೆರಾನ್ ಅಥವಾ ಹುಸಿ ಜೆಲ್ ಹಚ್ಚಿಸಿದರು. ನೆನಪಿನಲ್ಲಿ ಎರಡೂ ಗುಂಪು ಒಂದೇ.

ಒತ್ತಡದ ಹಾರ್ಮೋನು ಕಾರ್ಟಿಸೋಲ್, ಸಕ್ಕರೆಯ ಹಾರ್ಮೋನು ಇನ್ಸುಲಿನ್ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಅಧ್ಯಕ್ಷರು ಆಗಲೇ ಎರಡು ಚೀಟಿ ಕಳಿಸಿದ್ದಾರೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಡಿ, ಅಷ್ಟು ಸಾಕು.

ಏನು, ಹಿಂದಿನಿಂದ? ಥೈರಾಯ್ಡ್ ಗುಳಿಗೆ ಯಾವಾಗ ಅಂತಲಾ? ಬೆಳಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ ಅರ್ಧ ಗಂಟೆ ಬಿಟ್ಟು. ಕ್ಯಾಲ್ಸಿಯಂ ಗುಳಿಗೆ ನಾಲ್ಕು ಗಂಟೆ ಬಿಟ್ಟು. ಬೆಣ್ಣೆ ದೋಸೆ? ಅದೂ ಕಾಫಿ ಜೊತೆಗೇ ಸ್ವಾಮಿ.