ಚಳಿ ಕೇಳಬೇಡಿ, ಮಳೆ ಕೇಳಿ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಕಾರವಾರದ ಒಬ್ಬರು ಬರೆದಿದ್ದಾರೆ: ‘ಮೈನಸ್ ಮೂವತ್ತು ಡಿಗ್ರಿ ತಡೆಯೋ ಹಳೇ ಗುಲಾಬಿ ಅಂತ ಆನ್‌ಲೈನಲ್ಲಿ ತರಿಸಿದೆ. ಎರಡು ವರ್ಷ ಆಯ್ತು, ಬರೀ ಎಲೆ.’ ಸಿಟ್ಟು ಬಂತು ಮಾರಾಯ್ರೇ! ತರಿಸಿದವರ ಮೇಲಲ್ಲ, ಮಾರಿದವರ ಮೇಲೆ. ಕಾಳಿ ನದಿ ದಂಡೆಗೆ ಆ ಚಳಿ ಯಾವತ್ತು ಬರುತ್ತೆ? ನಮ್ಮಲ್ಲಿ ಗುಲಾಬಿ ಸಾಯೋದು ಆಷಾಢದಲ್ಲಿ. ಗಿಡ ತಗೊಳ್ಳುವಾಗ ಚಳಿ ಕೇಳಬೇಡಿ, ಮಳೆ ಕೇಳಿ.

1867ಕ್ಕಿಂತ ಮೊದಲೇ ಇದ್ದ ವರ್ಗಗಳನ್ನ ಹಳೇ ಗುಲಾಬಿ ಅಂತಾರೆ. ಅದರಲ್ಲಿ ಗ್ಯಾಲಿಕಾ, ಆಲ್ಬಾ, ಸೆಂಟಿಫೋಲಿಯಾ ಹಿಮದ ದೇಶಕ್ಕೆ ಹೊಂದಿದವು. ಪರಿಮಳ ಅದ್ಭುತ, ಒಪ್ಪಿದೆ. ಆದ್ರೆ ವರ್ಷಕ್ಕೆ ಒಂದೇ ಸಲ, ಹಿಂದಿನ ವರ್ಷದ ಕಡ್ಡಿಯಲ್ಲಿ ಹೂ. ಎಲೆ ಉದುರಿಸಿ ವಾರಗಟ್ಟಲೆ ಚಳಿಯಲ್ಲಿ ಮಲಗದಿದ್ರೆ ಮೊಗ್ಗು ಸರಿಯಾಗಿ ಕಟ್ಟಲ್ಲ.

‘ಸಿರ್ಸಿಲಿ ಚಳಿ ಇದೆಯಲ್ಲ?’ ಸ್ವೆಟರ್ ಹಾಕೋ ಚಳಿ ಅದು, ಗ್ಯಾಲಿಕಾ ಮಲಗೋ ಚಳಿ ಅಲ್ಲ. ‘ಬುಡಕ್ಕೆ ಐಸ್ ಹಾಕಿದ್ರೆ?’ ಅರ್ಧ ಗಂಟೆಲಿ ಕರಗೋ ಐಸ್‌ನಿಂದ ಏನಾಗುತ್ತೆ ಹೇಳಿ! ‘ರಾಜಸ್ಥಾನದ ಪುಷ್ಕರದ ಬಿಸಿಲಲ್ಲಿ ಡಮಾಸ್ಕ್ ಅನ್ನೋ ಹಳೇ ಗುಲಾಬಿ ಬೆಳೀತಾರಲ್ಲ?’ ಅಲ್ಲಿ ಚಳಿಗಾಲದ ರಾತ್ರಿ ನಿಜಕ್ಕೂ ಕೊರೆಯುತ್ತೆ, ಮಳೆಯೂ ಕಡಿಮೆ. ಕಾರವಾರಕ್ಕೆ ಮುಂಗಾರಲ್ಲೇ ಸುಮಾರು ಮೂರು ಸಾವಿರ ಮಿಲಿಮೀಟರ್ ಸುರಿಯುತ್ತೆ. ಚಳಿ ಕೇಳಬೇಡಿ, ಮಳೆ ಕೇಳಿ!

ಹಾಗಾದ್ರೆ ಯಾವುದು ನೆಡೋದು? ಎಡ್ವರ್ಡ್. ಕಡು ಗುಲಾಬಿ ಬಣ್ಣ, ಅಪ್ಪಟ ಪನ್ನೀರು ವಾಸನೆ, ಮತ್ತೆ ಮತ್ತೆ ಹೂ. ಇದು ಬೋರ್ಬೊನ್ ವರ್ಗ. ಆ ವರ್ಗ ಹುಟ್ಟಿದ್ದೇ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಡಮಾಸ್ಕ್ ಮತ್ತೆ ಚೈನಾ ಗುಲಾಬಿ ಕೂಡಿ. ಅಪ್ಪನ ಕಡೆ ಪರಿಮಳ, ಅಮ್ಮನ ಕಡೆ ಸೆಖೆ ತಡೆಯೋ ಗುಣ ಅಂದ ಹಾಗೆ. ಚೈನಾ, ಟೀ ವರ್ಗದವೂ ನಡೀತವೆ. ಬೋರ್ಬೊನ್ ವರ್ಗದ್ದೆಲ್ಲವೂ ಮಳೆ ತಡೆಯಲ್ಲ, ಗಮನ ಇರಲಿ. 1843ರ ‘ಸೂವನೀರ್ ದ ಲಾ ಮಾಲ್ಮೇಸನ್’ ಚೆಲುವೆ ಹೌದು, ಮಳೆ ಬಂದ್ರೆ ಎಸಳು ಅಂಟಿಕೊಂಡು ಮೊಗ್ಗಲ್ಲೇ ಕೊಳೀತದೆ.

ಈಗ ಕೆಲಸ. 14 ಇಂಚಿನ ಕುಂಡ, ತಳಕ್ಕೆ ಐದು ತೂತು. ಎರಡು ಪಾಲು ಕೆಂಪು ಮೇಲ್ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದೊಂದು ಹಿಡಿ ಬೇವಿನ ಹಿಂಡಿ, ಎಲುಬಿನ ಪುಡಿ. ತೆಂಗಿನ ನಾರಿನ ಪುಡಿ ಬೇಡ, ಮಳೆಗಾಲದಲ್ಲಿ ಅದು ನೀರು ಹಿಡಿದಿಟ್ಟು ಬೇರು ಕೊಳೆಸುತ್ತೆ. ಕುಂಡ ನೆಲಕ್ಕೆ ತಾಗದಂತೆ ಎರಡು ಚಿರೆಕಲ್ಲಿನ ಮೇಲಿಡಿ.

ಕಸಿ ಗಂಟು, ಅಂದ್ರೆ ಕಾಡುಗುಲಾಬಿ ಬುಡಕ್ಕೆ ಒಳ್ಳೆ ಗುಲಾಬಿ ಕೂಡಿಸಿದ ಜಾಗ, ಮಣ್ಣಿಗಿಂತ ಎರಡು ಇಂಚು ಮೇಲಿರಲಿ. ವಿದೇಶಿ ವಿಡಿಯೋಗಳಲ್ಲಿ ಗಂಟನ್ನ ಹೂಳಿ ಅಂತಾರೆ. ಹಿಮದಿಂದ ಕಾಯೋಕೆ ಅವರು ಹೂಳೋದು! ನೀವು ಹೂಳಿದ್ರೆ ಹಸಿ ಮಣ್ಣಲ್ಲಿ ಗಂಟು ಕೊಳೆಯುತ್ತೆ, ಕೆಳಗಿನ ಕಾಡುಗುಲಾಬಿ ಚಿಗುರಿ ನಿಮ್ಮ ಹಣ ತಿನ್ನುತ್ತೆ. ಗಂಟಿನ ಕೆಳಗಿನ ಚಿಗುರು ಕಂಡ ಕೂಡಲೇ ಬುಡದಿಂದ ಕೀಳಿ.

ಎಲೆ ಏಳು ಗಂಟೆ ಒದ್ದೆ ಇದ್ರೆ ಸಾಕು, ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಒಳಗೆ ಹೊಕ್ಕುತ್ತೆ. ಎಡ್ವರ್ಡಿಗೂ ಬರುತ್ತೆ, ಸುಳ್ಳು ಹೇಳಲ್ಲ. ಜೂನಿಂದ ಸೆಪ್ಟೆಂಬರ್ ಮೇಲೊಂದು ಪಾರದರ್ಶಕ ಶೀಟು, ಬದಿ ಪೂರ್ತಿ ತೆರೆದಿರಲಿ, ಗಾಳಿ ಆಡಬೇಕು. ಬಿದ್ದ ಎಲೆ ಹೆಕ್ಕಿ ಸುಡಿ, ಆ ನಾಲ್ಕು ತಿಂಗಳು ಗೊಬ್ಬರ ಬಂದ್. ಅಕ್ಟೋಬರಲ್ಲಿ ಮಳೆ ಬಿಟ್ಟ ಮೇಲೆ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ. ಅಡಿಕೆ ತೋಟದವರೇ, ಕೊಳೆ ರೋಗಕ್ಕೆ ತಂದ ಬೋರ್ಡೋ ದ್ರಾವಣ ಉಳಿದಿದೆ ಅಂತ ಎಳೆ ಎಲೆಗೆ ಹೊಡೀಬೇಡಿ, ಸುಡುತ್ತೆ. ಕತ್ತರಿಸಿದ ತುದಿಗೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಬಕೆಟಲ್ಲೇ ಕಲಸಿ, ಕಬ್ಬಿಣದ್ದು ಬೇಡ.

ಇಷ್ಟು ಕೇಳಿಯೂ ‘ಒಂದು ಆಲ್ಬಾ ಟ್ರೈ ಮಾಡ್ತೇನೆ’ ಅಂತ ಬರೀತೀರಿ, ಗೊತ್ತು. ಬೇಡ ಅಂದ್ರೆ ಬೇಡ! ಆ ದುಡ್ಡಿಗೆ ಹತ್ತಿರದ ನರ್ಸರೀಲಿ ಎಡ್ವರ್ಡ್ ಕೇಳಿ. ಇಲ್ಲಾಂದ್ರೆ ಗಿಡ ಇದ್ದವರ ಹಿತ್ತಲಿಂದ ಪೆನ್ಸಿಲ್ ದಪ್ಪದ ಎಂಟು ಇಂಚಿನ ಕಡ್ಡಿ ತನ್ನಿ, ಬೇರು ಬರುತ್ತೆ. ಚಳಿ ಮಾತು ನನ್ನ ಹತ್ರ ಎತ್ತಲೇಬೇಡಿ, ಮಳೆ, ಮಳೆ, ಮಳೆ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಆನ್‌ಲೈನಲ್ಲಿ ಗುಲಾಬಿ ಹುಡುಕ್ತಿರೋ ಕುಮಟಾ, ಅಂಕೋಲಾದ ಅಕ್ಕಂದಿರಿಗೆ ಇವತ್ತೇ ಕಳಿಸಿ. ಮುಂದಿನ ವಾರ ಕಡ್ಡಿ ಊರೋದನ್ನ ಪೂರ್ತಿ ತೋರಿಸ್ತೇನೆ, ಒಂದು ಕುಂಡ ಮರಳು ತಂದಿಟ್ಕೊಳ್ಳಿ.